ರೆಂಥಾಲ್ ಫ್ಯಾಟ್‌ಬಾರ್: 800 ಮಿ.ಮೀ. ಅಗಲ ಸರಿ, ಸ್ಟೆಮ್ ಕಥೆ ಏನು?

680 ಅಥವಾ 700 ಮಿ.ಮೀ.ನ ಹಳೆಯ ಹ್ಯಾಂಡಲ್‌ಬಾರ್ ತೆಗೆದು ರೆಂಥಾಲ್ ಕಂಪನಿಯ ಮೌಂಟನ್ ಬೈಕ್ ಹ್ಯಾಂಡಲ್‌ಬಾರ್ ಆದ ಫ್ಯಾಟ್‌ಬಾರ್ ಕೂರಿಸಿದರೆ, ಕಲ್ಲು ತುಂಬಿದ ಮೊದಲ ಇಳಿಜಾರಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಮುಂಚಕ್ರ ಕಲ್ಲಿಗೋ ಬೇರಿಗೋ ಬಡಿದಾಗ ಹ್ಯಾಂಡಲ್ ಕೈ ತಪ್ಪಿಸಿಕೊಂಡು ತಿರುಗಲು ನೋಡುತ್ತದಲ್ಲ, ಅದನ್ನು ತಡೆಯಲು ಈಗ ಅಷ್ಟು ಬಲ ಬೇಡ. ಕೈಗಳು ಸ್ಟೆಮ್‌ನಿಂದ (ಬಾರನ್ನು ಫೋರ್ಕ್‌ಗೆ ಹಿಡಿದಿಡುವ ತುಂಡು) ಒಂದೊಂದು ಬದಿಗೂ 50–60 ಮಿ.ಮೀ. ದೂರ ಸರಿದಿರುತ್ತವೆ. ಬಾರ್ ಮಟ್ಟಿಗೆ ದೂರು ಹೇಳಲು ಹೆಚ್ಚೇನಿಲ್ಲ. ಬಾರ್ ಒಂದನ್ನೇ ಬದಲಿಸಿ ಉಳಿದದ್ದನ್ನು ಹಾಗೇ ಬಿಟ್ಟವರಿಗೇ ತಾಪತ್ರಯ.

ಅಲ್ಯೂಮಿನಿಯಂ ಬಾರ್ ಇದು. ಅಗಲ 800 ಮಿ.ಮೀ., ಹಿಂದಕ್ಕೆ ಬಾಗು 7 ಡಿಗ್ರಿ, ಮೇಲಕ್ಕೆ 5 ಡಿಗ್ರಿ. ನಡುಭಾಗಕ್ಕಿಂತ ತುದಿಗಳು ಮೇಲಿರುವ ಎತ್ತರ 10, 20, 30, 40 ಮಿ.ಮೀ.ಗಳಲ್ಲಿ ಸಿಗುತ್ತದೆ. ತೂಕ 300 ಗ್ರಾಂ ದಾಟುತ್ತದೆ; ಗ್ರಾಂ ಎಣಿಸುವವರು ಕಾರ್ಬನ್ ನೋಡಿಕೊಳ್ಳಲಿ. ಸ್ಟೆಮ್ ಕಚ್ಚುವ ಜಾಗದ ವ್ಯಾಸ 31.8 ಮಿ.ಮೀ. 35 ಮಿ.ಮೀ.ನದು ಬೇರೆಯೇ ಮಾದರಿ, ಒಂದರದ್ದು ಇನ್ನೊಂದರ ಸ್ಟೆಮ್‌ಗೆ ಆಗುವುದಿಲ್ಲ. ತೀರಾ ಹಳೆಯ ಬೈಕುಗಳ 25.4 ಮಿ.ಮೀ. ಸ್ಟೆಮ್ ಆದರೆ ಅದನ್ನೂ ಬದಲಿಸಲೇಬೇಕು. 31.8, 35 ಎರಡರಲ್ಲಿ ಆಯ್ಕೆಯಿದ್ದರೆ 31.8 ವಾಸಿ. ಸ್ವಲ್ಪ ಬಳುಕು ಉಳಿದಿರುವುದರಿಂದ ಮುಂಗೈಗೆ ಬಡಿತ ಕಡಿಮೆ.

ಈಗ ಸ್ಟೆಮ್ ವಿಷಯ. ತೋಳು ಅಗಲಿಸಿದರೆ ಎದೆ ಮುಂದಕ್ಕೆ, ಕೆಳಕ್ಕೆ ಹೋಗುತ್ತದೆ. 80 ಮಿ.ಮೀ. ಸ್ಟೆಮ್ ಉಳಿಸಿಕೊಂಡು 800 ಬಾರ್ ಹಾಕಿದರೆ ಭಾರವೆಲ್ಲ ಮುಂಚಕ್ರದ ಮೇಲೆ ಬೀಳುತ್ತದೆ, ಭುಜ ನೋಯುತ್ತದೆ, ತಿರುವಿನಲ್ಲಿ ಹ್ಯಾಂಡಲ್ ಜಡ ಎನಿಸುತ್ತದೆ. ಆಮೇಲೆ ಬೈಗುಳ ಬಾರ್‌ಗೆ! ಅಗಲ 20 ಮಿ.ಮೀ. ಹೆಚ್ಚಿದರೆ ಸ್ಟೆಮ್ 10 ಮಿ.ಮೀ. ಗಿಡ್ಡವಾಗಬೇಕು ಎಂಬುದು ಒರಟು ಲೆಕ್ಕ, ಆದರೂ ಕೆಲಸಕ್ಕೆ ಬರುತ್ತದೆ. 720ರಿಂದ 780ಕ್ಕೆ ಹೋಗುವವರು 80ರ ಬದಲು 50 ಮಿ.ಮೀ. ಸ್ಟೆಮ್ ಹಾಕಿ. ಹೊಸ ಸ್ಟೆಮ್‌ನ ಎತ್ತರವನ್ನೂ ಅಳೆಯಿರಿ. ಹಳೆಯದಕ್ಕಿಂತ 5 ಮಿ.ಮೀ. ಕುಳ್ಳಗಿದ್ದರೆ ಅಷ್ಟೇ ದಪ್ಪದ ಸ್ಪೇಸರ್ ಉಂಗುರ ಬೇಕು. ಫೋರ್ಕ್‌ನ ಕೊಳವೆ ಸ್ಟೆಮ್‌ನ (ಮೇಲೆ ಸ್ಪೇಸರ್ ಇದ್ದರೆ ಅದರ) ಮೇಲಂಚಿನಿಂದ ಸುಮಾರು 3 ಮಿ.ಮೀ. ಕೆಳಗಿರಬೇಕು, ಇಲ್ಲವಾದರೆ ಟಾಪ್ ಕ್ಯಾಪ್ (ಕೊಳವೆಯ ಮೇಲಿನ ಮುಚ್ಚಳ) ಎಷ್ಟು ಬಿಗಿದರೂ ಹೆಡ್‌ಸೆಟ್, ಅಂದರೆ ಫೋರ್ಕ್ ತಿರುಗುವ ಬೇರಿಂಗ್, ಲೊಡಲೊಡ ಬಿಡುವುದಿಲ್ಲ. ಮೊದಲು ಟಾಪ್ ಕ್ಯಾಪ್, ಆಮೇಲೆ ಸ್ಟೆಮ್‌ನ ಪಕ್ಕದ ಬೋಲ್ಟ್‌ಗಳು.

ಬಾರ್ ಕೂರಿಸುವ ಮುನ್ನ ಸ್ಟೆಮ್‌ನ ಒಳಮೈ ಸ್ವಚ್ಛವಾಗಿ ಒರೆಸಿ. ಆಮೇಲೆ ಕೇಳಿಸುವ ಕಿರಕಿರ ಸದ್ದಿಗೆ ಬಹಳ ಸಲ ಅಲ್ಲಿ ಸಿಕ್ಕಿದ ಮಣ್ಣೇ ಕಾರಣ. ಗ್ರೀಸ್ ಬೋಲ್ಟ್‌ನ ತಿರುಪಿನ ಎಳೆಗಳಿಗೆ ಮಾತ್ರ, ಬಾರ್‌ಗೆ ಬೇಡ. ಮುಂಭಾಗದ ನಾಲ್ಕು ಬೋಲ್ಟ್‌ಗಳನ್ನು ಅಡ್ಡಡ್ಡವಾಗಿ, ಸ್ವಲ್ಪಸ್ವಲ್ಪವೇ ಬಿಗಿಯುತ್ತ ಬನ್ನಿ. ಸ್ಟೆಮ್‌ಗೂ ಅದರ ಮುಂದಿನ ಮುಚ್ಚಳಕ್ಕೂ ನಡುವಿನ ಮೇಲಿನ ಸಂದು, ಕೆಳಗಿನ ಸಂದು ಒಂದೇ ಅಳತೆಯಲ್ಲಿರಲಿ. ಎಷ್ಟು ಬಿಗಿಯಬೇಕೆಂದು ಸ್ಟೆಮ್ ಮೇಲೆಯೇ ಬರೆದಿರುತ್ತದೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಆದರೆ ಕೆಲವು ಸ್ಟೆಮ್‌ಗಳಲ್ಲಿ ಮೇಲಿನ ಸಂದು ಪೂರ್ತಿ ಮುಚ್ಚಿಕೊಳ್ಳಬೇಕು. ಅಂಥವಕ್ಕೆ ಮೇಲಿನೆರಡು ಬೋಲ್ಟ್ ಮೊದಲು. ಬ್ರೇಕ್ ಲಿವರ್ ಒಳಕ್ಕೆ ಸರಿಸಿ, ಒಂದೇ ಬೆರಳು ಲಿವರ್‌ನ ತುದಿಗೆ ಸಿಗುವಂತಿರಲಿ. ತೀರಾ ಬಿಗಿಯಬೇಡಿ, ಬಿದ್ದಾಗ ಲಿವರ್ ಮುರಿಯದೆ ತಿರುಗಿಕೊಳ್ಳಲಿ.

ಬಹಳ ಜನ ಮರೆಯುವುದು ಕೇಬಲ್. ಬಾರ್ ಕೂರಿಸಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ. ಬ್ರೇಕ್ ಹೋಸ್ ಬಿಗಿದು ನಿಂತರೆ ಅಥವಾ ಗೇರ್ ತಾನಾಗಿ ಬದಲಾದರೆ ಉದ್ದ ಸಾಲುತ್ತಿಲ್ಲ. ಗೇರ್‌ಗೆ ಹೊಸ ವೈರ್, ಹೊಸ ಔಟರ್ (ವೈರ್‌ನ ಹೊರಕವಚ) ಹಾಕಿದರೆ ಮುಗಿಯಿತು. ಹೈಡ್ರಾಲಿಕ್ ಹೋಸ್ ಬದಲಿಸುವುದಾದರೆ ಹೋಸ್‌ನ ತುದಿ ಕೂರಿಸುವ ಚಿಕ್ಕ ಭಾಗಗಳಾದ ಹೊಸ ಆಲಿವ್, ಹೊಸ ಬಾರ್ಬ್, ಮೇಲೊಂದು ಬ್ಲೀಡಿಂಗ್ (ಒಳಗಿನ ಗಾಳಿ ತೆಗೆಯುವ ಕೆಲಸ). ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ತಗೊಳ್ಳಿ.

800 ಎಲ್ಲರಿಗೂ ಒಗ್ಗುವ ಅಗಲವಲ್ಲ. ದಂಡ ಹೊಡೆಯುವಾಗ ಅಂಗೈಗಳು ಸಹಜವಾಗಿ ನಿಲ್ಲುವ ದೂರ ಒಂದು ಸುಳಿವು; ಭುಜ ಕಿರಿದಾದವರಿಗೆ 740–760 ಸಾಕು. ಆದರೆ ಬಂದ ದಿನವೇ ಗರಗಸ ಎತ್ತಿಕೊಳ್ಳಬೇಡಿ. ತುದಿ ತೆರೆದಿರುವ ಲಾಕ್-ಆನ್ ಗ್ರಿಪ್ (ಬೋಲ್ಟ್‌ನಿಂದ ಬಿಗಿಯುವ ಹಿಡಿ) ಇದ್ದರೆ, ಗ್ರಿಪ್ ಮತ್ತು ಲಿವರ್‌ಗಳನ್ನು 10 ಮಿ.ಮೀ. ಒಳಕ್ಕೆ ಸರಿಸಿ ಕೆಲವು ಸಲ ಓಡಿಸಿ ನೋಡಿ. ಹೊರಗೆ ಉಳಿದ ತುದಿಗೆ ಪ್ಲಗ್ ಇರಲೇಬೇಕು, ಬಿದ್ದಾಗ ಬರಿ ಕೊಳವೆ ಮೈಗೆ ಹೊಕ್ಕೀತು. ಕತ್ತರಿಸುವಾಗ ಒಂದೊಂದು ಬದಿಯಿಂದ 5 ಮಿ.ಮೀ. ಮಾತ್ರ ತೆಗೆಯಿರಿ, ಮತ್ತೆ ಓಡಿಸಿ, ಬೇಕೆನಿಸಿದರೆ ಇನ್ನೊಂದು 5. ಇಂಚಿಗೆ 32 ಹಲ್ಲಿನ ಹ್ಯಾಕ್ಸಾ ಬ್ಲೇಡ್ ಸಾಕು. ಗುರುತಿನ ಪಕ್ಕ ಹೋಸ್ ಕ್ಲಿಪ್ ಒಂದನ್ನು ಬಿಗಿದರೆ ಬ್ಲೇಡ್ ಓರೆಯಾಗುವುದಿಲ್ಲ. ಪೈಪ್ ಕಟರ್ ಬಳಸಿದರೆ ಅಂಚು ಹೊರಕ್ಕೆ ಉಬ್ಬಿ ಗ್ರಿಪ್ ಏರುವುದಿಲ್ಲ, ಅರದಿಂದ ಉಜ್ಜಬೇಕಾಗುತ್ತದೆ.

ಮರಗಳ ನಡುವಿನ ಇಕ್ಕಟ್ಟು ಹಾದಿಯಲ್ಲೇ ಹೆಚ್ಚು ಓಡಿಸುವವರು 760ಕ್ಕಿಂತ ಮೇಲೆ ಹೋಗಬೇಕಿಲ್ಲ. ಕಾಂಡಕ್ಕೆ ಮೊದಲು ತಗಲುವುದು ಕಿರುಬೆರಳು.