ರಿಮೋಟ್ ಟ್ಯಾಂಕ್ ಕಾಳಗ: ಯಾವ ಗಾಡಿ ಒಳಗೆ ಬಿಡಬೇಕು, ಯಾವುದು ಬೇಡ?

1/16 ಅಳತೆಯ ರಿಮೋಟ್ ಟ್ಯಾಂಕ್ ಕಾಳಗದಲ್ಲಿ ಗುಂಡು ಹಾರುವುದಿಲ್ಲ. ಬ್ಯಾರಲ್ ಕಡೆಯಿಂದ ಇನ್‌ಫ್ರಾರೆಡ್ ಕಿರಣ ಹೊರಡುತ್ತದೆ, ಎದುರಿನ ಟ್ಯಾಂಕ್ ಮೇಲಿರುವ ರಿಸೀವರ್ ಅದನ್ನು ಹಿಡಿದರೆ ಒಂದು ಏಟು. ಜಪಾನಿನ ಮಾದರಿ ತಯಾರಕ ಕಂಪನಿ ತಮಿಯಾದ ಪದ್ಧತಿಯಲ್ಲಿ ಹಗುರ ಟ್ಯಾಂಕ್ 3 ಏಟಿಗೆ, ಮಧ್ಯಮ 6ಕ್ಕೆ, ಭಾರಿಯದು 9ಕ್ಕೆ ಔಟ್. ಆಟ ಸರಳ. ಆದರೆ ಯಾರು ಯಾವ ಗಾಡಿ ತರಬಹುದು ಅನ್ನೋದು ಸರಳ ಅಲ್ಲ. ನಮ್ಮ ಗುಂಪಿನಲ್ಲಿ ಮೂರು ನಿಯಮ ಹಾಕಿ ಆಡಿ ನೋಡಿದೆವು.

ಮೊದಲನೆಯದು, ಯಾವ ಕಾಲದ್ದಾದರೂ ಸರಿ. ಹೊಸಬರಿಗೆ ಇದು ಖುಷಿ, ಕೈಲಿರುವುದನ್ನೇ ತಂದು ಆಡಬಹುದು. ಆದರೆ ನಿಧಾನಕ್ಕೆ ಎಲ್ಲರೂ 9 ಏಟಿನ ಗಾಡಿಯನ್ನೇ ತರತೊಡಗಿದರು. ಈ ಕಾಲದ ಜರ್ಮನ್ ಟ್ಯಾಂಕ್ ಲೆಪರ್ಡ್ 2 ಪಕ್ಕದಲ್ಲಿ ಎರಡನೇ ಮಹಾಯುದ್ಧದ ರಷ್ಯನ್ ಟಿ-34 ತರುವುದಕ್ಕೆ ಕಾರಣವೇ ಉಳಿಯಲಿಲ್ಲ.

ಎರಡನೆಯದು, 1945ರವರೆಗಿನವು ಮಾತ್ರ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಜರಡಿಯ ಕಣ್ಣು ತಪ್ಪಾದ ಕಡೆ ದೊಡ್ಡದಾಗಿದೆ. 188 ಟನ್ನಿನ ಜರ್ಮನ್ ಟ್ಯಾಂಕ್ ಮೌಸ್ ಆರಾಮಾಗಿ ಒಳಗೆ ಬರುತ್ತದೆ. ಅದರ ಮೂಲಮಾದರಿ ಎರಡೇ ತಯಾರಾದವು, ಯುದ್ಧದಲ್ಲಿ ಕಾದಾಡಲೇ ಇಲ್ಲ. ಬ್ರಿಟಿಷ್ ಟ್ಯಾಂಕ್ ಸೆಂಚುರಿಯನ್ ಕೂಡ ಒಳಗೆ ಬರುತ್ತದೆ, ಆದರೆ ಅದರ ಮೊದಲ ಮಾದರಿಗಳು 1945ರ ಮೇನಲ್ಲಿ ಬೆಲ್ಜಿಯಂ ತಲುಪುವಷ್ಟರಲ್ಲಿ ಯುದ್ಧ ಮುಗಿದಿತ್ತು. ಅದು ಹೆಸರು ಮಾಡಿದ್ದು ಕೊರಿಯಾದಲ್ಲಿ, 1965ರ ಭಾರತ-ಪಾಕ್ ಯುದ್ಧದಲ್ಲಿ. ಹಾಗಾಗಿ ಬರೀ ಇಸವಿ ನೋಡಿದರೆ ಸಾಲದು.

ಮೂರನೆಯದು ನನಗೆ ಒಪ್ಪಿಗೆಯಾದದ್ದು: ಎರಡನೇ ಮಹಾಯುದ್ಧದಲ್ಲಿ ನಿಜವಾಗಿ ಕಾದಾಡಿರಬೇಕು. ಇದಕ್ಕೆ ಇನ್ನೊಂದು ಸೇರಿಸಿದೆವು. ನಿಜ ಗಾಡಿಯ ವೇಗವನ್ನು 16ರಿಂದ ಭಾಗಿಸಿ, ಅದಕ್ಕಿಂತ ಜೋರಾಗಿ ಓಡಿಸಬಾರದು. ಗಂಟೆಗೆ 88 ಕಿ.ಮೀ. ಓಡುತ್ತಿದ್ದ ಅಮೆರಿಕದ ಹಗುರ ಗಾಡಿ ಹೆಲ್‌ಕ್ಯಾಟ್‌ಗೆ 5.5 ಕಿ.ಮೀ. ಸಿಗುತ್ತದೆ, ಜರ್ಮನಿಯ ಭಾರಿ ಟ್ಯಾಂಕ್ ಟೈಗರ್‌ಗೆ ಸುಮಾರು 2.5. ಹಗುರ ಗಾಡಿಗೆ ಬೆಲೆ ಬಂದದ್ದು ಆಗಲೇ. ಮೂರೇ ಏಟಿನ ಹೆಲ್‌ಕ್ಯಾಟ್ ಟೈಗರ್‌ನ ಹಿಂದಕ್ಕೆ ಸುತ್ತಿ ಬರುವುದನ್ನು ನೋಡುವುದೇ ಚೆಂದ.

ಜಾಸ್ತಿ ವಾದ ಆದದ್ದು ಟರೆಟ್ (ಫಿರಂಗಿ ಹೊತ್ತು ತಿರುಗುವ ಮೇಲ್ಭಾಗ) ಇಲ್ಲದ ಜರ್ಮನ್ ಗಾಡಿ ಸ್ಟುಗ್ 3 ಬಗ್ಗೆ. ಅದರ ಎತ್ತರ 2.16 ಮೀಟರ್, ಮಾದರಿಯಲ್ಲಿ 13.5 ಸೆಂ.ಮೀ. ಅಮೆರಿಕದ ಶರ್ಮನ್ ಟ್ಯಾಂಕ್ ಸುಮಾರು 17. ಸಣ್ಣ ಮಣ್ಣುದಿಬ್ಬದ ಹಿಂದೆ ಕೂತರೆ ಸ್ಟುಗ್ ಕಾಣುವುದೇ ಇಲ್ಲ, ಇದು ಅನ್ಯಾಯ ಅಂದರು ಕೆಲವರು. ಓಡಿಸಿ ನೋಡಿದ ಮೇಲೆ ನಾನು ಹಾಗೆ ಹೇಳಲಾರೆ. ಪಕ್ಕದಿಂದ ಶರ್ಮನ್ ಬಂದರೆ ಸ್ಟುಗ್ ಇಡೀ ಮೈ ತಿರುಗಿಸಬೇಕು. ಒಂದು ಟ್ರ್ಯಾಕ್ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಜಲ್ಲಿಯ ಮೇಲೆ ಜಾರಿ ಮೂತಿ ಗುರಿ ದಾಟಿ ಹೋಗುತ್ತದೆ, ಮತ್ತೆ ವಾಪಸ್ ತರಬೇಕು. ಅಷ್ಟರಲ್ಲಿ ಶರ್ಮನ್ ಟರೆಟ್ ತಿರುಗಿಸಿ ಹೊಡೆದಾಗಿರುತ್ತದೆ. ಅಡಗುವ ಅನುಕೂಲಕ್ಕೆ ಅದು ಕೊಡುವ ಬೆಲೆ ಕಡಿಮೆಯೇನಲ್ಲ. ಸುಮಾರು 10,000 ತಯಾರಾದ ಗಾಡಿಯನ್ನು ಹೊರಗಿಟ್ಟು ಆ ಯುದ್ಧ ಆಡುವುದಾದರೂ ಹೇಗೆ? ಷರತ್ತು ಒಂದೇ: ರಿಸೀವರ್ ಸುತ್ತಲಿಂದಲೂ ಕಾಣಬೇಕು, ಸಾಮಾನಿನ ಮೂಟೆ ಹಿಂದೆ ಮುಚ್ಚಿಡಬಾರದು.

ಫಿರಂಗಿ ಇರುವ ಚಕ್ರದ ಗಾಡಿ ಹಗುರ ಲೆಕ್ಕದಲ್ಲಿ ಬರಲಿ. ಬರೀ ಮಷೀನ್ ಗನ್ ಇರುವ ಹಾಫ್‌ಟ್ರ್ಯಾಕ್‌ಗೆ (ಮುಂದೆ ಚಕ್ರ, ಹಿಂದೆ ಟ್ರ್ಯಾಕ್ ಇರುವ ಗಾಡಿ) ಗುಂಡು ಹೊಡೆಯುವ ಪಾತ್ರ ಬೇಡ. ಅದನ್ನು ಮೈದಾನ ದಾಟಿಸಬೇಕಾದ ಸರಕು ಗಾಡಿ ಮಾಡಿದರೆ ಆಟಕ್ಕೆ ಒಂದು ಉದ್ದೇಶ ಸಿಗುತ್ತದೆ. ಹೊಸಬರು ಮಾತ್ರ ಮೊದಲ ಸಲ ಏನು ತಂದರೂ ಆಡಲಿ, 6 ಏಟಿನ ಲೆಕ್ಕದಲ್ಲಿ.