‘ಪರೀಕ್ಷಿಸಲಾಗಿಲ್ಲ’ ಎಂಬ ಪದವನ್ನು ನಾವು ಓದಲಿಲ್ಲ: ಹಳೆಯ ಹಾಯಿದೋಣಿ ಕೊಳ್ಳುವವರಿಗೆ ಎಚ್ಚರಿಕೆ

ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ನೆಲೆಸಿರುವ ನಾನು ಮತ್ತು ನನ್ನ ಪತ್ನಿ, ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ವಾರದಲ್ಲಿ ಮೂರು ದಿನ ನೀರಿನ ಮೇಲೆ ಇದ್ದು ಅಲ್ಲಿಂದಲೇ ಕಚೇರಿ ಕೆಲಸ ಮಾಡಬೇಕೆಂಬ ಆಸೆಯಿಂದ, ಆನಾಪೊಲಿಸ್ ಸಮೀಪದ ಮರೀನಾವೊಂದರಲ್ಲಿ (ದೋಣಿಗಳ ತಂಗುದಾಣ) ನಿಂತಿದ್ದ 38 ಅಡಿಯ ಹಾಯಿದೋಣಿಯನ್ನು 62 ಸಾವಿರ ಡಾಲರ್ ಕೊಟ್ಟು ಕೊಂಡೆವು. ಅದು 1980ರ ದಶಕದಲ್ಲಿ ತೈವಾನ್‌ನಲ್ಲಿ ಕಟ್ಟಿದ, ಸಾಗರ ದಾಟಬಲ್ಲದೆಂದು ಹೊಗಳಿಸಿಕೊಳ್ಳುವ ಜಾತಿಯ ದೋಣಿ. ಮೊದಲ ಎರಡು ವರ್ಷಗಳಲ್ಲಿ ಅದರ ದುರಸ್ತಿಗೆ ಸುರಿದ ಹಣ ಕೊಂಡ ಬೆಲೆಯ ಮುಕ್ಕಾಲು ಪಾಲನ್ನು ದಾಟಿದೆ. ಅದರೊಳಗೆ ನಾವು ಮಲಗಿದ ರಾತ್ರಿಗಳು ಹನ್ನೊಂದು. ಮಾರಿದವರ ಹೆಸರಾಗಲಿ, ಬ್ರೋಕರ್ ಹೆಸರಾಗಲಿ ಇಲ್ಲಿ ಬೇಕಿಲ್ಲ. ನಮಗೆ ಯಾರೂ ನೇರವಾಗಿ ಸುಳ್ಳು ಹೇಳಲಿಲ್ಲ ಎಂಬುದೇ ಈ ಬರಹಕ್ಕೆ ಕಾರಣ.

ನಾನು ದಾಂಡೇಲಿ ಕಡೆಯವನು. ಅಪ್ಪ ಮರದ ಡಿಪೋದಲ್ಲಿ ದುಡಿದವರು. ತೇಗವೆಂದರೆ ತಲೆಮಾರುಗಟ್ಟಲೆ ಕೊಳೆಯದ ಮರವೆಂದು ನಂಬಿ ಬೆಳೆದವನ ಮುಂದೆ, ಬಿಸಿಲಿಗೆ ಬೆಳ್ಳಿಬಣ್ಣಕ್ಕೆ ತಿರುಗಿದ ತೇಗದ ಪಟ್ಟಿಗಳ ಡೆಕ್ (ದೋಣಿಯ ಮೇಲ್ಗಡೆಯ ನೆಲ) ಮತ್ತು ಒಳಗೆ ಹೊಸದಾಗಿ ವಾರ್ನಿಶ್ ಹಚ್ಚಿದ ತೇಗದ ಕಪಾಟು, ಮೇಜು, ಮಂಚಗಳಿರುವ ದೋಣಿಯನ್ನು ತಂದು ನಿಲ್ಲಿಸಿದರೆ ವಿವೇಚನೆ ಕೈಕೊಡುವುದು ಸಹಜ. ಎಲ್ಲ ಮುಗಿದ ಮೇಲೆ ಫೋನಿನಲ್ಲಿ ವಿಷಯ ತಿಳಿಸಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: “ತೇಗಕ್ಕೆ ಏನೂ ಆಗಿರೋದಿಲ್ಲ ಮಗಾ, ಅದರ ಕೆಳಗೆ ಎಂಥ ಹಾಕಿದ್ದಾರೆ ಅಂತ ನೋಡಿದ್ಯಾ?”

ನೋಡಿರಲಿಲ್ಲ. ಆ ಕಾಲದ ದೋಣಿಗಳಲ್ಲಿ ತೇಗವು ಡೆಕ್‌ನ ಮೇಲುಹೊದಿಕೆ ಮಾತ್ರ. ಅದರ ಕೆಳಗೆ ಫೈಬರ್‌ಗ್ಲಾಸಿನ ಪದರ, ಅದರಡಿಯಲ್ಲಿ ಭಾರ ಕಡಿಮೆಯಾಗಲೆಂದು ಹಾಕಿದ ಬಾಲ್ಸಾ ಮರ ಅಥವಾ ಪ್ಲೈವುಡ್, ಅದರ ಕೆಳಗೆ ಮತ್ತೆ ಫೈಬರ್‌ಗ್ಲಾಸ್ ಇರುತ್ತವೆ. ತೇಗದ ಪಟ್ಟಿಗಳನ್ನು ಸ್ಕ್ರೂ ಹೊಡೆದು ಕೂರಿಸಿ, ಪ್ರತಿ ಸ್ಕ್ರೂವಿನ ತಲೆಯ ಮೇಲೆ ತೇಗದ್ದೇ ಚಿಕ್ಕ ಬಿಲ್ಲೆಯಿಟ್ಟು ಮುಚ್ಚುತ್ತಿದ್ದರು. ನಮ್ಮ ದೋಣಿಯಲ್ಲಿ ಅಂಥ ಸ್ಕ್ರೂಗಳು 1,200ಕ್ಕೂ ಹೆಚ್ಚಿವೆ. ಅಂದರೆ ಡೆಕ್‌ಗೆ ಅಷ್ಟು ತೂತುಗಳಿವೆ. ಗಟ್ಟಿ ಬ್ರಷ್‌ನಿಂದಲೋ ಪ್ರೆಶರ್ ವಾಷರ್‌ನಿಂದಲೋ ವರ್ಷಗಟ್ಟಲೆ ತೊಳೆದಂತೆ ತೇಗ ಸವೆದು ತೆಳುವಾಗುತ್ತದೆ, ಬಿಲ್ಲೆಗಳು ಎದ್ದುಬರುತ್ತವೆ, ಪಟ್ಟಿಗಳ ನಡುವಿನ ರಬ್ಬರಿನಂಥ ಕಪ್ಪು ಸೀಲಂಟ್ ಬಿರಿಯುತ್ತದೆ, ಮಳೆನೀರು ಸ್ಕ್ರೂವಿನ ಗುಂಟ ಇಳಿದು ಒಳಮರವನ್ನು ಸೇರುತ್ತದೆ. ಮೇಲೆ ತೇಗ ನಗುತ್ತಿರುವಾಗಲೇ ಕೆಳಗೆ ಬಾಲ್ಸಾ ನೆನೆದ ಅವಲಕ್ಕಿಯಂತಾಗಿರುತ್ತದೆ.

ಇದು ಕೊಳ್ಳುವ ಮುನ್ನ ತಜ್ಞರಿಂದ ಮಾಡಿಸುವ ತಪಾಸಣೆಯಾದ ಸರ್ವೇಯಲ್ಲಿ ಏಕೆ ಗೊತ್ತಾಗಲಿಲ್ಲ ಎಂದು ಕೇಳುವವರಿಗೆ ಮುಖ್ಯ ಸಂಗತಿಯನ್ನು ಹೇಳಬೇಕು. ದೋಣಿಯ ಸರ್ವೇ ಮಾಡಿಸುವುದು ಮತ್ತು ಅದರ ಹಣ ತೆರುವುದು ಕೊಳ್ಳುವವರ ಹೊಣೆ. ನಾವು ಬ್ರೋಕರ್ ಸೂಚಿಸಿದ ಸರ್ವೇಯರನ್ನೇ ಗೊತ್ತುಮಾಡಿಕೊಂಡೆವು. ವ್ಯಾಪಾರ ಕುದುರಿದರೆ ಕಮಿಷನ್ ಪಡೆಯುವವರು ಸೂಚಿಸಿದ ವ್ಯಕ್ತಿಯನ್ನು ಹಾಗೆ ಒಪ್ಪಿಕೊಳ್ಳಬಾರದಿತ್ತು. ಆದರೂ ಆತ ಕೊಟ್ಟ 31 ಪುಟಗಳ ವರದಿ ಪ್ರಾಮಾಣಿಕವಾಗಿಯೇ ಇತ್ತು. ಅದರಲ್ಲಿ ‘ತೇಗದ ಹೊದಿಕೆಯಿರುವುದರಿಂದ ಡೆಕ್‌ನ ಒಳಪದರವನ್ನು ಪರೀಕ್ಷಿಸಲಾಗಿಲ್ಲ’ ಎಂಬ ಸಾಲಿತ್ತು. ‘ಚೈನ್‌ಪ್ಲೇಟುಗಳು ಮರಗೆಲಸದ ಹಿಂದೆ ಮರೆಯಾಗಿದ್ದು, ಪರೀಕ್ಷಿಸಲಾಗಿಲ್ಲ’ ಎಂದಿತ್ತು. ಹಾಯಿಕಂಬವನ್ನು ಡೆಕ್ ಮೇಲೆ ನಿಂತು ಮಾತ್ರ ನೋಡಲಾಗಿದೆ, ಎಂಜಿನ್ನಿನ ಒಳಭಾಗಗಳು ಈ ಸರ್ವೇಯ ವ್ಯಾಪ್ತಿಗೆ ಬರುವುದಿಲ್ಲ ಎಂದೂ ಇತ್ತು. ವಕೀಲರ ಕಾಗದಗಳಲ್ಲಿ ಬರುವ ಒಕ್ಕಣೆಯಂತೆ ಓದಿ ನಾವು ಮುಂದೆ ಸಾಗಿದೆವು. ದೋಣಿಯ ಸಮಸ್ತ ರೋಗಗಳೂ ಆ ನಾಲ್ಕು ಸಾಲುಗಳಲ್ಲೇ ಅಡಗಿದ್ದವು.

ಚೈನ್‌ಪ್ಲೇಟ್ ಎಂದರೆ ಹಾಯಿಕಂಬವನ್ನು ಎರಡೂ ಬದಿಗಳಿಂದ ಎಳೆದು ಹಿಡಿಯುವ ಉಕ್ಕಿನ ತಂತಿಹಗ್ಗಗಳನ್ನು ದೋಣಿಯ ಒಡಲಿಗೆ ಬಿಗಿಯುವ ಸ್ಟೇನ್‌ಲೆಸ್ ಪಟ್ಟಿ. ಸ್ಟೇನ್‌ಲೆಸ್ ಉಕ್ಕು ತುಕ್ಕು ಹಿಡಿಯುವುದಿಲ್ಲವೆಂಬುದು ಅಡುಗೆಮನೆಯ ಸತ್ಯ. ಅದನ್ನು ಕಾಪಾಡುವ ತೆಳುಪೊರೆ ಉಳಿಯಲು ಆಮ್ಲಜನಕ ಬೇಕು. ಡೆಕ್‌ನ ತೂತಿನೊಳಗೆ ಗಾಳಿಯಾಡದೆ ಉಪ್ಪುನೀರು ನಿಂತಾಗ ಉಕ್ಕು ಒಳಗಿಂದೊಳಗೆ ಬಿರುಕುಬಿಡುತ್ತದೆ. ವಿಮಾ ಕಂಪನಿಯವರು ತಂತಿಹಗ್ಗಗಳ ವಯಸ್ಸು ಕೇಳಿ, ದಾಖಲೆಯಿಲ್ಲವಾದ್ದರಿಂದ ಎಲ್ಲವನ್ನೂ ಬದಲಿಸಿದ ಹೊರತು ಪೂರ್ಣ ವಿಮೆಯಿಲ್ಲವೆಂದರು. ಆ ಕೆಲಸಕ್ಕೆಂದು ಕಪಾಟುಗಳನ್ನು ಕಳಚಿದಾಗ, ಎಡಬದಿಯ ಒಂದು ಪಟ್ಟಿ ಕೈಯಲ್ಲೇ ಎರಡು ತುಂಡಾಯಿತು. ಹೊಸ ವಾರ್ನಿಶ್ ಏಕೆ ಹಚ್ಚಿದ್ದರೆಂಬುದೂ ಅಂದೇ ತಿಳಿಯಿತು. ಅದರ ಕೆಳಗೆ ನೀರು ಇಳಿದ ಕಂದು ಕಲೆಗಳ ಸಾಲೇ ಇತ್ತು. ಎಂಜಿನ್ನಿನ ಕಥೆ ಚಿಕ್ಕದು. ಪ್ರಾಯೋಗಿಕ ಯಾನಕ್ಕೆ ನಾವು ತಲುಪುವಷ್ಟರಲ್ಲಿ ಅದನ್ನು ಚಾಲೂ ಮಾಡಿ ಬೆಚ್ಚಗಿಟ್ಟಿದ್ದರು, ನಾವು ಅದನ್ನು ಸೌಜನ್ಯವೆಂದು ತಿಳಿದೆವು. ತಣ್ಣಗಿದ್ದಾಗ ಅದು ಏಳಲು ಪಡುವ ಪಾಡು, ಕಕ್ಕುವ ಬಿಳಿಹೊಗೆ ನಮಗೆ ಕಂಡದ್ದು ಕೊಂಡ ಮೇಲೆ.

ಯಾವ ಸರ್ವೇಯರನೂ ಬರೆಯದ ಇನ್ನೊಂದು ತಪ್ಪು ಪೂರ್ತಿಯಾಗಿ ನಮ್ಮದೇ. ನಾವು ದೋಣಿ ನಡೆಸುವ ಚೆಸಪೀಕ್ ಕೊಲ್ಲಿಯ ಸರಾಸರಿ ಆಳ ಸುಮಾರು 21 ಅಡಿ. ರಾತ್ರಿ ಲಂಗರು ಹಾಕಲು ಹಿತವಾದ ತೊರೆಗಳಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ನೀರಿನಡಿ ಆರು ಅಡಿಗೂ ಹೆಚ್ಚು ಇಳಿಯುವ ಕೀಲ್ (ದೋಣಿಯ ತಳದಲ್ಲಿ ರೆಕ್ಕೆಯಂತೆ ಚಾಚಿದ ಭಾರದ ಭಾಗ) ಇರುವ ದೋಣಿ ಕೊಂಡ ನಾವು, ಹನ್ನೊಂದು ರಾತ್ರಿಗಳಲ್ಲಿ ಎರಡನ್ನು ಕೆಸರಿನಲ್ಲಿ ಹೂತು ಕಳೆದೆವು. ಸಾಗರಕ್ಕೆಂದು ಕಟ್ಟಿದ ಈ ದೋಣಿಯಲ್ಲಿ ಕಿಟಕಿಗಳು ಚಿಕ್ಕವು, ಗಾಳಿ ಬರುವ ದಾರಿ ಕಡಿಮೆ. ಜುಲೈ ತಿಂಗಳಲ್ಲಿ ಗಾಳಿ ನಿಂತಾಗ ಒಳಗೆ ಕುಳಿತು ಲ್ಯಾಪ್‌ಟಾಪ್ ತೆರೆಯುವುದು ಇಡ್ಲಿಪಾತ್ರೆಯಲ್ಲಿ ಕುಳಿತಂತೆ. ಅಮೆರಿಕದಲ್ಲಿ ದಡದಿಂದ ಮೂರು ನಾಟಿಕಲ್ ಮೈಲಿಯೊಳಗೆ ಸಂಸ್ಕರಿಸದ ಶೌಚನೀರನ್ನು ಹೊರಬಿಡುವಂತಿಲ್ಲ, ಆದ್ದರಿಂದ ಅದನ್ನು ಹಿಡಿದಿಡುವ ಟ್ಯಾಂಕ್ ಎಷ್ಟು ದೊಡ್ಡದೆಂಬುದೇ ಇಬ್ಬರು ಎಷ್ಟು ದಿನ ಇರಬಹುದೆಂಬುದನ್ನು ತೀರ್ಮಾನಿಸುತ್ತದೆ. ನಮ್ಮದು ಮೂರನೆಯ ದಿನಕ್ಕೆ ತುಂಬುತ್ತಿತ್ತು. ದೋಣಿಯ ಮೇಲೆ ವಾಸಿಸುವುದನ್ನು ಹಲವು ಮರೀನಾಗಳು ಒಪ್ಪುವುದಿಲ್ಲ, ಒಪ್ಪಿದರೂ ಪ್ರತ್ಯೇಕ ಶುಲ್ಕವಿರುತ್ತದೆ ಎಂಬುದನ್ನೂ ನಾವು ಹಣ ಕೊಟ್ಟ ಮೇಲೆಯೇ ವಿಚಾರಿಸಿದೆವು.

ಹೆಸರಾಂತ ದೋಣಿಯಾದರೆ ಸಾಕೆಂದು ವಾದಿಸುವ ಸ್ನೇಹಿತರಿಗೆ ನಾನು ವೇಲಿಯಂಟ್ 40ರ ಉದಾಹರಣೆ ಕೊಡುತ್ತೇನೆ. ರಾಬರ್ಟ್ ಪೆರಿ ವಿನ್ಯಾಸದ ಈ ದೋಣಿ ದೂರಯಾನಕ್ಕೆ ಇಂದಿಗೂ ಮೆಚ್ಚುಗೆ ಪಡೆದದ್ದು. ಆದರೆ 1976ರಿಂದ 1981ರ ನಡುವೆ ಕಟ್ಟಿದವುಗಳಲ್ಲಿ ಬೆಂಕಿನಿರೋಧಕ ರಾಳ ಬಳಸಿದ್ದರಿಂದ ಒಡಲಿನ ಮೇಲೆ ಬೊಬ್ಬೆಗಳೆದ್ದವು. ಹೆಸರು ಒಂದೇ ಆದರೂ ಕಟ್ಟಿದ ವರ್ಷ ನೋಡದೆ ಕೊಂಡವರು ಬೇರೆಯದೇ ದೋಣಿ ಕೊಂಡಂತೆ.

ಈಗ ನಾನು ಯಾರ ಜೊತೆಗಾದರೂ ದೋಣಿ ನೋಡಲು ಹೋದರೆ, ಜೋರು ಮಳೆ ಬಂದ ಮರುದಿನವೇ ಹೋಗುತ್ತೇನೆ. ಎಂಜಿನ್ನಿನ ಮೇಲೆ ಮೊದಲು ಕೈಯಿಟ್ಟು, ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆಂದು ಹೇಳಿಸುತ್ತೇನೆ. ಮಡಕೆ ಕೊಳ್ಳುವಾಗ ತಟ್ಟಿ ನೋಡುವ ಹಾಗೆ, ಒಳಚಾವಣಿಯ ಹಲಗೆಗಳನ್ನು ತೆಗೆಸಿ ಡೆಕ್‌ನ ಅಡಿಯನ್ನು ಪ್ಲಾಸ್ಟಿಕ್ ತಲೆಯ ಸುತ್ತಿಗೆಯಿಂದ ತಟ್ಟುತ್ತೇನೆ. ಗಟ್ಟಿಯಿರುವಲ್ಲಿ ಟಣ್ಣೆನ್ನುತ್ತದೆ, ಕೊಳೆತಲ್ಲಿ ಸದ್ದು ಅಲ್ಲೇ ಸಾಯುತ್ತದೆ. ತೇಗದ ಮೇಲಿನಿಂದ ತಟ್ಟಿದರೆ ಇದು ಸರಿಯಾಗಿ ತಿಳಿಯುವುದಿಲ್ಲ, ತೇವ ಅಳೆಯುವ ಮೀಟರ್ ಕೂಡ ಒದ್ದೆ ತೇಗವನ್ನೇ ಅಳೆದು ದಾರಿತಪ್ಪಿಸುತ್ತದೆ. ಮಾಲೀಕರ ಒಪ್ಪಿಗೆ ಪಡೆದು ನಾಲ್ಕಾರು ಸ್ಕ್ರೂ ಬಿಚ್ಚಿಸಿದರೆ ಉತ್ತರ ಸಿಗುತ್ತದೆ. ಸ್ಕ್ರೂವಿನ ಹಿಂದೆ ಕಂದು ನೀರು ಬಂದರೆ ಚೌಕಾಶಿಗೆ ಕೂರುವುದೂ ಬೇಡ. ಒಪ್ಪಿಗೆ ಕೊಡದಿದ್ದರೆ ಅದೂ ಒಂದು ಉತ್ತರ. ಸರ್ವೇಯರನ್ನು ಅವರ ವೃತ್ತಿಸಂಘಗಳ ಪಟ್ಟಿಯಿಂದ ನಾವೇ ಆರಿಸಿ, ಹಾಯಿಕಂಬಕ್ಕೆ ರಿಗ್ಗರ್ (ಕಂಬ, ತಂತಿಹಗ್ಗಗಳ ಕೆಲಸ ಬಲ್ಲವರು), ಎಂಜಿನ್ನಿಗೆ ಡೀಸೆಲ್ ಮೆಕ್ಯಾನಿಕ್ ಬೇರೆ ಬೇರೆಯಾಗಿ ನೋಡುವಂತೆ ಮಾಡಲು ತಗಲುವ ಖರ್ಚು, ನಮ್ಮ ಒಂದು ಬದಿಯ ಚೈನ್‌ಪ್ಲೇಟುಗಳಿಗೆ ಆದಷ್ಟೂ ಆಗುವುದಿಲ್ಲ.

ದೋಣಿ ಸದ್ಯ ದುರಸ್ತಿ ಯಾರ್ಡಿನಲ್ಲಿ ಕಬ್ಬಿಣದ ಕಾಲುಗಳ ಮೇಲೆ ನಿಂತಿದೆ. ಬಲಬದಿಯ ತೇಗ ಕಿತ್ತು, ಕೊಳೆತದ್ದನ್ನು ಕೆರೆದು, ಹೊಸ ಒಳಪದರ ಹಾಕಿ ಮುಚ್ಚಿದ್ದೇವೆ. ಎಡಬದಿಯ ಆರುನೂರು ಚಿಲ್ಲರೆ ಸ್ಕ್ರೂಗಳು ಬಾಕಿಯಿವೆ.