ಹೊಸ ಆಡಿಯೋ ಪ್ರಾಜೆಕ್ಟ್‌ಗೆ ಐಡಿಯಾ ಎಲ್ಲಿಂದ ತರೋದು: ಚೀಟಿ, ಚಾಟ್‌ಬಾಟ್, ಹಳೇ ಪ್ರಾಜೆಕ್ಟ್, ಇಲ್ಲಾ ಮಾರ್ಕೆಟ್?

ಮೈಸೂರಿನ ಜನಕ್ಕೆ ಕನ್ನಡದಲ್ಲಿ ಕೇಳೋ ಥರ ಒಂದು ಲೋಕಲ್ ಆಡಿಯೋ ಸರ್ವಿಸ್ ಮಾಡ್ಬೇಕು, ಇಷ್ಟೇ ನಮ್ಮ ಚಿಕ್ಕ ಟೀಮ್ ಹತ್ರ ಇದ್ದಿದ್ದು. ಅದು ಆ್ಯಪ್ಪಾ, ಫೋನ್ ಕಾಲಾ, ವಾಟ್ಸಾಪ್ಪಾ, ಅದರಲ್ಲಿ ಏನಿರ್ಬೇಕು, ಯಾರು ಕೇಳ್ತಾರೆ ಅನ್ನೋದೆಲ್ಲ ಆಮೇಲೆ ಹುಡುಕಬೇಕಿತ್ತು. ಐಡಿಯಾ ಹುಡುಕೋಕೆ ಅಂತ ಜನ ಹೇಳೋ ದಾರಿಗಳನ್ನ ಒಂದಾದ್ಮೇಲೆ ಒಂದು ಮಾಡಿ ನೋಡಿದ್ವಿ, ಯಾವುದರಿಂದ ಏನು ಸಿಕ್ತು ಅಂತ ಬರೀತಿದೀನಿ, ಮೀಡಿಯಾ ಪ್ರಾಜೆಕ್ಟ್ ಶುರು ಮಾಡ್ತಿರೋರಿಗೆ ಉಪಯೋಗ ಆಗ್ಬಹುದು.

ಮೊದಲು ಎಲ್ರೂ ಮಾಡೋ ಬ್ರೈನ್‌ಸ್ಟಾರ್ಮಿಂಗ್. ಗೋಡೆ ತುಂಬ ಬಣ್ಣದ ಚೀಟಿ, ಯಾರೂ ಯಾರ ಐಡಿಯಾನೂ ಬೈಯೋ ಹಾಗಿಲ್ಲ. ಅಮೆರಿಕದ ಜಾಹೀರಾತು ಕಂಪನಿಯ ಅಲೆಕ್ಸ್ ಆಸ್ಬಾರ್ನ್ 1950ರ ದಶಕದಲ್ಲಿ ಜನಪ್ರಿಯ ಮಾಡಿದ ಪದ್ಧತಿ ಇದು. ರೂಮಲ್ಲಿ ಉತ್ಸಾಹ ಚೆನ್ನಾಗಿರುತ್ತೆ, ಟೀಮ್‌ಗೆ ಒಬ್ರಿಗೊಬ್ರು ಪರಿಚಯ ಆಗುತ್ತೆ, ಆದ್ರೆ ಗೋಡೆ ಮೇಲೆ ಉಳಿಯೋದು ಜೋರಾಗಿ ಮಾತಾಡೋರ ಐಡಿಯಾನೇ. ಇದು ನನ್ನೊಬ್ಬಳ ಅನುಭವ ಅಲ್ಲ. 1958ರಲ್ಲೇ ಯೇಲ್ ಯೂನಿವರ್ಸಿಟಿಯವರು ಪರೀಕ್ಷೆ ಮಾಡಿ ನೋಡಿದಾರೆ, ನಾಲ್ಕು ಜನ ಒಟ್ಟಿಗೆ ಕೂತು ಕೊಟ್ಟ ಐಡಿಯಾಗಿಂತ ನಾಲ್ಕು ಜನ ಬೇರೆಬೇರೆ ಕೂತು ಬರೆದಿದ್ದನ್ನ ಸೇರಿಸಿದ್ರೆ ಜಾಸ್ತಿ ಐಡಿಯಾ ಇತ್ತು. ಯಾಕೆ ಅಂತ 1987ರಲ್ಲಿ ಡೀಲ್ ಮತ್ತೆ ಸ್ಟ್ರೋಬ ಅನ್ನೋ ಇಬ್ರು ಕೆದಕಿದ್ರು, ಮುಖ್ಯ ಕಾರಣ ಇಷ್ಟೇ: ಒಬ್ರು ಮಾತಾಡ್ತಿದ್ರೆ ಮಿಕ್ಕೋರು ಕಾಯ್ಬೇಕು, ಕಾಯ್ತಾ ಕಾಯ್ತಾ ತಲೇಲಿದ್ದದ್ದು ಹೊರಟೋಗುತ್ತೆ.

ಅದಕ್ಕೇ ಎರಡನೇದು, ಮಾತೇ ಆಡ್ದೆ ಬರೆಯೋ ಪದ್ಧತಿ, 6-3-5 ಅಂತಾರೆ. ಜರ್ಮನಿಯ ಬರ್ನ್ಡ್ ರೋರ್‌ಬಾಖ್ 1968ರಲ್ಲಿ ತಂದಿದ್ದು. ಆರು ಜನ, ಒಬ್ಬೊಬ್ರು ಮೂರು ಐಡಿಯಾ, ಐದು ನಿಮಿಷ, ಆಮೇಲೆ ಹಾಳೆ ಪಕ್ಕದೋರಿಗೆ, ಅವರು ಅದನ್ನ ಓದಿ ಅದರ ಕೆಳಗೆ ಇನ್ನು ಮೂರು. ಅರ್ಧ ಗಂಟೇಲಿ 108 ಐಡಿಯಾ. ನಮ್ಮಲ್ಲಿ ಮೀಟಿಂಗಲ್ಲಿ ಬಾಯೇ ಬಿಡದ ಹುಡುಗಿ ಒಬ್ಳು ಬರೆದ ಸಾಲು, "ಕೆಲಸ ಮಾಡ್ತಾ ಕೇಳೋರಿಗೆ ಮಾತ್ರ ಮಾಡೋಣ", ಕೊನೇವರೆಗೂ ಉಳ್ಕೊಂಡಿದ್ದು ಅದೇ. ಚೀಟಿ ಗೋಡೆಗಿಂತ ಇದು ಎಷ್ಟೋ ವಾಸಿ, ಇವೆರಡರಲ್ಲಿ ಒಂದನ್ನ ಆರಿಸ್ಕೋಬೇಕು ಅಂದ್ರೆ ಯೋಚನೆ ಮಾಡ್ದೆ ಇದನ್ನೇ ಆರಿಸ್ಕೊಳ್ಳಿ. ಆದ್ರೂ ಎರಡಕ್ಕೂ ಒಂದೇ ಮಿತಿ, ರೂಮಲ್ಲಿರೋರಿಗೆ ಗೊತ್ತಿರೋದಷ್ಟೇ ಹಾಳೆ ಮೇಲೆ ಬರುತ್ತೆ.

ಎಐ ಚಾಟ್‌ಬಾಟ್‌ನೂ ಕೇಳಿದ್ವಿ. ಒಂದೇ ನಿಮಿಷದಲ್ಲಿ ಉದ್ದದ ಪಟ್ಟಿ, ಓದ್ತಾ ಹೋದ್ರೆ ಎಲ್ಲಾ ಒಂದೇ ಅಚ್ಚು, ಹೈಪರ್‌ಲೋಕಲ್ ಪಾಡ್‌ಕಾಸ್ಟ್, ಕಥೆ ಹೇಳೋ ಬಾಟ್, ಟೂರಿಸ್ಟ್‌ಗಳಿಗೆ ಅರಮನೆ ಆಡಿಯೋ ಗೈಡ್, ಊರಿನ ಹೆಸರು ಬದಲಾಯಿಸಿದ್ರೆ ಜೈಪುರಕ್ಕೂ ಇದೇ ಪಟ್ಟಿ ನಡಿಯುತ್ತೆ. ಇಂಥದ್ದು ಮೊದಲೇ ಯಾರು ಮಾಡಿದಾರೆ ಅಂತ ಕೇಳಿದಾಗ ಕೊಟ್ಟ ಹೆಸರುಗಳಲ್ಲಿ ಕೆಲವು ಹುಡುಕಿದ್ರೆ ಎಲ್ಲೂ ಇಲ್ಲ. ಹಾಗಾಗಿ ಅದು ಹೇಳಿದ ಹೆಸರು, ಇಸವಿ ಒಂದೊಂದನ್ನೂ ಬೇರೆ ಕಡೆ ನೋಡಿ ಖಾತ್ರಿ ಮಾಡ್ಕೊಳ್ಳೇಬೇಕು. ಒಳ್ಳೇದಾಗಿದ್ದು ಬೇರೆ ಎರಡು ಕೆಲಸಕ್ಕೆ: ನಮ್ಮ ಐಡಿಯಾ ಕೊಟ್ಟು ಇದು ಯಾಕೆ ಸೋಲುತ್ತೆ ಹೇಳು ಅಂದ್ರೆ ಕೆಲವು ನೇರವಾದ ಪ್ರಶ್ನೆ ಕೇಳುತ್ತೆ, ಇನ್ನೊಂದು, ಹುಡುಕೋಕೆ ಯಾವ ಪದ ಹಾಕ್ಬೇಕು ಅಂತ ಹೇಳ್ಕೊಡುತ್ತೆ. ಜನ ಯಾವ ಪದ ಹುಡುಕ್ತಿದಾರೆ ಅಂತ ತೋರಿಸೋ ಗೂಗಲ್ ಟ್ರೆಂಡ್ಸ್ ಬಗ್ಗೆ ಒಂದೇ ಮಾತು, ಅದು ತೋರಿಸೋದು ಹುಡುಕಾಟದ ಸಂಖ್ಯೆ ಅಲ್ಲ, 0ರಿಂದ 100ರ ಒಳಗಿನ ಹೋಲಿಕೆ, ನಮ್ಮಂಥ ಊರಿನ ಕನ್ನಡ ಪದಗಳಿಗೆ ಬರೀ ಸೊನ್ನೆ ಬಂದ್ರೆ ಜನಕ್ಕೆ ಬೇಡ ಅಂತಲ್ಲ, ಟೈಪ್ ಮಾಡಿ ಹುಡುಕೋರು ಕಮ್ಮಿ ಅಂತ ಅಷ್ಟೇ.

ಈಗ ನನಗೆ ತುಂಬ ಇಷ್ಟ ಆಗಿದ್ದು, ಹಳೇ ಪ್ರಾಜೆಕ್ಟ್‌ಗಳನ್ನ ಓದೋದು. ನಿಂತುಹೋಗಿರೋದು, ನಡೀತಿರೋದು ಎರಡೂ. ಕೋಲಾರ ಜಿಲ್ಲೆ ಬೂದಿಕೋಟೆಯಲ್ಲಿ ಊರಿನೋರೇ ನಡೆಸಿದ "ನಮ್ಮ ಧ್ವನಿ" ಅನ್ನೋ ಆಡಿಯೋ ಪ್ರಾಜೆಕ್ಟ್ ತಗೊಳ್ಳಿ. 2000ರ ದಶಕದ ಶುರುವಲ್ಲಿ ಊರಿನೋರಿಗೆ ರೇಡಿಯೋ ಲೈಸೆನ್ಸ್ ಸಿಗೋ ದಾರಿನೇ ಇರ್ಲಿಲ್ಲ, ಸಂಘಸಂಸ್ಥೆಗಳಿಗೆ ಸಮುದಾಯ ರೇಡಿಯೋ ಅವಕಾಶ ಆಗಿದ್ದು 2006ರ ನೀತಿ ಬಂದ್ಮೇಲೆ. ಅವರು ಕಾಯ್ತಾ ಕೂರ್ಲಿಲ್ಲ, ಟಿವಿ ಕೇಬಲ್ ಮೇಲೇ ಆಡಿಯೋ ಕಳ್ಸಿದ್ರು! ಕೈಗೆ ಸಿಕ್ಕಿದ ತಂತಿ, ಊರಿನ ಜನರದ್ದೇ ದನಿ. ಛತ್ತೀಸಗಢದ ಸಿಜಿನೆಟ್ ಸ್ವರ 2010ರಲ್ಲಿ ಶುರುವಾಗಿದ್ದು, ಪತ್ರಕರ್ತ ಶುಭ್ರಾಂಶು ಚೌಧರಿ ಅವರದ್ದು, ತಾಂತ್ರಿಕ ಕೆಲಸದಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನ ಬಿಲ್ ಥೀಸ್ ಜೊತೆಗಿದ್ರು. ಸಾದಾ ಫೋನಿಂದ ಕಾಲ್ ಮಾಡಿ ತಮ್ಮ ಊರಿನ ಸುದ್ದಿ ಹೇಳ್ಬಹುದಿತ್ತು, ಬೇರೆಯೋರು ಹೇಳಿದ್ದು ಕೇಳ್ಬಹುದಿತ್ತು, ಪ್ರಕಟ ಆಗೋ ಮುಂಚೆ ಮನುಷ್ಯರು ಕೇಳಿ ಪರಿಶೀಲನೆ ಮಾಡ್ತಿದ್ರು. ಗುಜರಾತಿನ ರೈತರಿಗೆ ಮಾಡಿದ ಆವಾಜ್ ಓಟಲೋ ಅನ್ನೋ ಫೋನ್ ಸರ್ವಿಸಿಂದ ನಾವು ಕಲಿತಿದ್ದು ಇನ್ನೂ ದೊಡ್ಡದು: ಬಾಯಲ್ಲಿ ಹೇಳಿದ್ರೆ ಅರ್ಥ ಮಾಡ್ಕೊಳ್ಳೋ ಮೆನು ಮತ್ತೆ ಒಂದು ಒತ್ತಿ ಎರಡು ಒತ್ತಿ ಅನ್ನೋ ಮೆನು ಎರಡನ್ನೂ ಜನರ ಕೈಗೆ ಕೊಟ್ಟು ಹೋಲಿಸಿ 2009ರಲ್ಲಿ ಪ್ರಕಟ ಮಾಡಿದ್ರು, ಕೆಲಸ ಮುಗಿಸೋದ್ರಲ್ಲಿ ಗುಂಡಿ ಒತ್ತೋದೇ ಮುಂದಿತ್ತು. ಮಾತಾಡೋದು ಸುಲಭ ಅಂತ ನಾವೆಲ್ಲ ಮೀಟಿಂಗಲ್ಲಿ ತಲೆ ಆಡಿಸ್ತೀವಿ, ಯಾರೋ ಪರೀಕ್ಷೆ ಮಾಡಿ ಬರೆದಿಟ್ಟಿರೋದನ್ನ ಓದಿದ್ರೆ ಎಷ್ಟು ತಿಂಗಳ ಕೋಡಿಂಗ್ ಉಳಿಯುತ್ತೆ ನೋಡಿ. ಮೈಸೂರಿನೋರಾಗಿ ಇನ್ನೊಂದು ಹೇಳ್ಲೇಬೇಕು, 1935ರಲ್ಲಿ ಮನೋವಿಜ್ಞಾನದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೇಲೇ ರೇಡಿಯೋ ಸ್ಟೇಷನ್ ಶುರು ಮಾಡಿದ್ರು, ಆಕಾಶವಾಣಿ ಅನ್ನೋ ಹೆಸರು ಅಲ್ಲಿಂದಲೇ ಬಂದಿದ್ದು. ನಮ್ಮೂರಿನ ಮಕ್ಕಳಿಗೆ ಇದನ್ನ ಹೇಳ್ಕೊಡ್ಬೇಕು ಅಂತ ನನಗೆ ತುಂಬ ಆಸೆ. ಇದರ ಜೊತೆಗೇ ಕನ್ನಡ ಆಡಿಯೋ, ನ್ಯೂಸ್ ಆ್ಯಪ್‌ಗಳ ಪ್ಲೇಸ್ಟೋರ್ ರಿವ್ಯೂನೂ ಓದಿ, ಐದು ಸ್ಟಾರ್ ಬಿಡಿ, ಒಂದು ಸ್ಟಾರಲ್ಲಿ ಬರೀ ಸಿಟ್ಟು ಇರುತ್ತೆ, ಎರಡು ಮೂರು ಸ್ಟಾರ್ ಕೊಟ್ಟೋರು ಏನು ಬೇಕಿತ್ತು ಅಂತ ಬಿಡಿಸಿ ಬರ್ದಿರ್ತಾರೆ.

ಆದ್ರೆ ಓದಿದ್ದು ಎಷ್ಟಿದ್ರೂ ನಮ್ಮೂರಿನ ಜನ ಇವತ್ತು ಹೇಗೆ ಕೇಳ್ತಾರೆ ಅಂತ ಅದರಲ್ಲಿ ಇರಲ್ಲ. ಅದಕ್ಕೆ ದೇವರಾಜ ಮಾರ್ಕೆಟ್‌ಗೆ ಹೋಗಿ ಹೂ ಕಟ್ಟೋ ಒಬ್ರು ಅಮ್ಮನ ಪಕ್ಕ ಕೂತೆ. ಮಡಿಲಲ್ಲಿ ಮಲ್ಲಿಗೆ ಮೊಗ್ಗು, ಬೆರಳಲ್ಲಿ ನಾರು, ಫೋನ್ ಬುಟ್ಟಿಗೆ ಒರಗಿಸಿಟ್ಟಿದ್ರು. ಮಗಳು ಕಳ್ಸಿದ ವಾಯ್ಸ್ ಮೆಸೇಜು ಬಂತು, ಒದ್ದೆ ಬೆರಳು ಸೀರೆಗೆ ಒರೆಸ್ಕೊಂಡು ಒತ್ತಿದ್ರು, ಕೇಳ್ತಿರೋವಾಗ್ಲೇ ಗಿರಾಕಿ ಬಂದ್ರು, ಎರಡು ಮೊಳ ಅಳೆದು ಕೊಟ್ಟು ಚಿಲ್ರೆ ಎಣಿಸೋ ಹೊತ್ತಿಗೆ ಮೆಸೇಜು ತನ್ನ ಪಾಡಿಗೆ ಮುಗಿದಿತ್ತು. ಮತ್ತೆ ಒತ್ತಲಿಲ್ಲ. ಯಾಕಮ್ಮಾ ಅಂದೆ. "ಕಿವಿ ಬಿಡುವಾಗೈತೆ ಕಣವ್ವ, ಕೈ ಬಿಡುವಾಗಿಲ್ಲ" ಅಂದ್ರು. ನಮ್ಮ ಹುಡುಗಿ ಹಾಳೇಲಿ ಬರೆದ ಸಾಲಿಗೆ ಅಲ್ಲಿ ಜೀವ ಬಂತು, ಆಡಿಯೋ ತುಂಡು ಚಿಕ್ಕದಿರ್ಬೇಕು, ಮುಟ್ಟದೇನೇ ಮುಂದಿನದು ಬರ್ಬೇಕು, ಮಧ್ಯೆ ತಪ್ಪಿದ್ರೂ ನಷ್ಟ ಆಗ್ಬಾರ್ದು. ಇದು ಚಾಟ್‌ಬಾಟ್ ಪಟ್ಟೀಲೂ ಇರ್ಲಿಲ್ಲ, ಗೋಡೆ ಚೀಟೀಲೂ ಇರ್ಲಿಲ್ಲ. ಈ ದಾರಿಯ ಕಷ್ಟ ಅಂದ್ರೆ ಸಮಯ ತುಂಬ ಬೇಕು, ಒಬ್ಬಿಬ್ರನ್ನ ನೋಡಿ ಊರೆಲ್ಲಾ ಹೀಗೇ ಅನ್ನೋ ಹಾಗಿಲ್ಲ, ಆಟೋ ಸ್ಟ್ಯಾಂಡು, ಟೈಲರ್ ಅಂಗಡಿ, ಕ್ಯಾಂಟೀನ್ ಅಡುಗೆಮನೆ ಹೀಗೆ ಬೇರೆಬೇರೆ ಕಡೆ ಕೂರ್ಬೇಕು, ಮತ್ತೆ ವ್ಯಾಪಾರದ ಹೊತ್ತಲ್ಲಿ ಹೋಗಿ ಅವರ ಕೆಲಸಕ್ಕೆ ಅಡ್ಡ ಬರ್ಬಾರ್ದು.

ನನ್ನ ಆಯ್ಕೆ ಕೇಳಿದ್ರೆ ಮೊದಲು ಮಾರ್ಕೆಟ್, ಆಮೇಲೆ ಹಳೇ ಪ್ರಾಜೆಕ್ಟ್, ಅದಾದ್ಮೇಲೆ 6-3-5, ಚಾಟ್‌ಬಾಟ್ ಕೊನೇಲಿ ತಪ್ಪು ಹುಡುಕೋಕೆ. ಕಾಲೇಜ್ ಪ್ರಾಜೆಕ್ಟು, ಟೈಮ್ ಇಲ್ಲ ಅನ್ನೋರು ಹಳೇ ಪ್ರಾಜೆಕ್ಟ್ ಓದೋದೊಂದನ್ನ ಮಾತ್ರ ಬಿಡಬೇಡಿ.

ಕೋಡ್ ಬರೆಯೋ ಮುಂಚೆ ನಾವೇ ಬೆಳಗ್ಗೆ ಫೋನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪಲ್ಲಿ ಚಿಕ್ಕ ಚಿಕ್ಕ ತುಂಡು ಕಳ್ಸಿ ನೋಡ್ತಿದೀವಿ. ಸುದ್ದಿ ತುಂಡಿಗೆ ಉತ್ತರಾನೇ ಇಲ್ಲ, ಹೂವಿನ ರೇಟು ಮತ್ತೆ ಕರೆಂಟ್ ಯಾವ ಏರಿಯಾದಲ್ಲಿ ಹೋಗುತ್ತೆ ಅನ್ನೋದು ಒಂದಿನ ತಡ ಆದ್ರೆ "ಇವತ್ತಿಂದು ಎಲ್ಲಿ" ಅಂತ ವಾಯ್ಸ್ ಮೆಸೇಜ್ ಬರುತ್ತೆ. ಸ್ಮಾರ್ಟ್‌ಫೋನ್ ಇಲ್ದೋರಿಗೆ ಮಿಸ್ಡ್ ಕಾಲ್ ಕೊಟ್ರೆ ನಾವು ವಾಪಸ್ ಕಾಲ್ ಮಾಡಿ ಕೇಳಿಸೋದಾ ಅಂತ ಈಗ ಲೆಕ್ಕ ಹಾಕ್ತಿದೀವಿ, ಹಾಗೆ ಮಾಡಿದ್ರೆ ಕಾಲ್ ಖರ್ಚೆಲ್ಲ ನಮ್ಮ ಮೇಲೇ ಬೀಳುತ್ತೆ. ಇಂಥದ್ದು ನಡೆಸಿರೋರು ಯಾರಾದ್ರೂ ಇದ್ರೆ ತಿಂಗಳ ಖರ್ಚು ಹೇಗೆ ಸರಿದೂಗಿಸಿದ್ರಿ ಅಂತ ದಯವಿಟ್ಟು ಹೇಳಿ.